ಅಂಬರ್ ಸೆಂಟು: ಗಂಡಸರದ್ದಾ, ಹೆಂಗಸರದ್ದಾ, ತಿಮಿಂಗಿಲದ್ದಾ?

ಪ್ರಶ್ನೆ: ದುಬೈಯಲ್ಲಿರುವ ನನ್ನ ಅಣ್ಣ ಕಳೆದ ದೀಪಾವಳಿಗೆ ಊರಿಗೆ ಬಂದಾಗ 80 ಮಿ.ಲೀ.ನ ಒಂದು ಸೆಂಟಿನ ಬಾಟಲಿ ತಂದುಕೊಟ್ಟ. ಹೆಸರಿನಲ್ಲೇ ‘ಅಂಬರ್’ ಇದೆ. ಕೆಳಗೆ ‘ಯುನಿಸೆಕ್ಸ್’ ಅಂತ ಬರೆದಿದೆ. ಗಂಡ ಹೆಂಡತಿ ಇಬ್ಬರೂ ಹಾಕಿಕೊಳ್ಳಿ ಅಂದ. ನಾವಿರುವುದು ಮಂಗಳೂರಿನಲ್ಲಿ. ಸಂಜೆ ಸ್ನಾನ ಮಾಡಿ ಮನೆಯಲ್ಲಿ ಹಾಕಿಕೊಂಡರೆ ನನಗೆ ತುಂಬಾ ಇಷ್ಟವಾಗುತ್ತದೆ. ಬೆಲ್ಲದ ಪಾಕ, ಸಾಂಬ್ರಾಣಿ, ಅಜ್ಜಿಯ ಮರದ ಪೆಟ್ಟಿಗೆ ನೆನಪಾಗುತ್ತದೆ. ಆದರೆ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಹಾಕಿಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿದ್ದವರು ಕಿಟಕಿ ಕಡೆ ಮುಖ ತಿರುಗಿಸಿಕೊಂಡರು. ಆಫೀಸಿನಲ್ಲಿ ಗೆಳತಿ ‘ಇದು ಗಂಡಸರ ಸೆಂಟು ಅಲ್ವಾ?’ ಅಂದಳು. ನನ್ನ ಗಂಡನ ಕಥೆ ಇನ್ನೊಂದು. ಐದಾರು ಸಲ ಒತ್ತಿಕೊಂಡರೂ ‘ಏನೂ ಪರಿಮಳವೇ ಬರ್ತಿಲ್ಲ’ ಅನ್ನುತ್ತಾರೆ. ಅವರ ಜೊತೆ ಕಾರಿನಲ್ಲಿ ಕೂತರೆ ನನಗೆ ತಲೆನೋವು. ನಮ್ಮ ಅತ್ತೆ ‘ಅಂಬರ್ ಅಂದ್ರೆ ತಿಮಿಂಗಿಲದ ವಾಂತಿ, ಪೇಪರಲ್ಲಿ ಬಂದಿತ್ತು, ಅದನ್ನು ಹಾಕಿಕೊಂಡು ದೇವರ ಕೋಣೆಗೆ ಬರಬೇಡಿ’ ಅಂದಿದ್ದಾರೆ. ಇದರ ಮೇಲೆ ಬಾಟಲಿಯ ಬಣ್ಣ ಜೇನಿನಿಂದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಬಿಳಿ ಕುರ್ತಾದ ಕತ್ತಿನ ಹತ್ತಿರ ಹಳದಿ ಕಲೆಯೂ ಆಗಿದೆ. ಇದು ನಕಲಿ ಮಾಲಾ? ಕೆಟ್ಟುಹೋಗಿದೆಯಾ? ನನಗೆ ಒಗ್ಗದ ಸೆಂಟು ಅಂತ ಯಾರಿಗಾದರೂ ಕೊಟ್ಟುಬಿಡಲಾ? ಅಣ್ಣನಿಗೆ ಬೇಜಾರಾಗುತ್ತೆ ಅನ್ನುವುದೂ ಇದೆ.

ಉತ್ತರ: ಪ್ರಶ್ನೆ ಐದಾರು ಇದ್ದರೂ ನಿಮ್ಮ ಚಿಂತೆ ಎರಡೇ ಅನ್ನಿಸಿತು. ಒಂದು, ಬಾಟಲಿಯೊಳಗೆ ಇರುವುದೇನು, ಅದು ಮೈಗೂ ಮನೆಗೂ ತಕ್ಕದ್ದಾ ಅನ್ನುವುದು. ಇನ್ನೊಂದು, ಸಂಜೆ ಅಷ್ಟು ಹಿಡಿಸುವ ಪರಿಮಳ ಬೆಳಿಗ್ಗೆ ಬಸ್ಸಿನಲ್ಲಿ ಯಾಕೆ ಮಾನ ಕಳೆಯಿತು ಅನ್ನುವುದು. ನಾನು ಮೂವತ್ತು ವರ್ಷ ಊದುಬತ್ತಿಗೂ ಸೆಂಟಿಗೂ ಕಾಂಪೌಂಡ್, ಅಂದರೆ ಪರಿಮಳದ ಮಿಶ್ರಣ, ಬೆರೆಸಿದವನು. ನಿಮ್ಮ ಬಾಟಲಿಯನ್ನು ಮೂಸಿ ನೋಡಿಲ್ಲ. ಆದರೆ ನೀವು ಬರೆದ ಲಕ್ಷಣಗಳು ನನಗೆ ಹಳೇ ಪರಿಚಯ.

ಮನೆಯ ಹಿರಿಯರಿಂದಲೇ ಶುರು ಮಾಡೋಣ. ನಿಮ್ಮ ಅತ್ತೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅರಬ್ಬಿಯಲ್ಲಿ ‘ಅಂಬರ್’ ಅಂದರೆ ಸ್ಪರ್ಮ್ ತಿಮಿಂಗಿಲದಿಂದ ಬರುವ ಆ ಬೂದು ಗಟ್ಟಿಯೇ. ಇಂಗ್ಲಿಷಿನವರು ಅದನ್ನು ಅಂಬರ್‌ಗ್ರೀಸ್ ಅನ್ನುತ್ತಾರೆ. ತಿಮಿಂಗಿಲ ತಿಂದ ಸ್ಕ್ವಿಡ್ ಎಂಬ ಕಡಲಜೀವಿಯ ಕೊಕ್ಕು ಜೀರ್ಣವಾಗುವುದಿಲ್ಲ. ಅದರ ಸುತ್ತ ಕರುಳಿನಲ್ಲಿ ಕಟ್ಟಿಕೊಳ್ಳುವ ಗಟ್ಟಿ ಇದು. ಹಾಗಾಗಿ ‘ವಾಂತಿ’ ಅನ್ನುವುದು ಪೇಪರಿನವರು ಮರ್ಯಾದೆಗೆ ಹೇಳಿದ ಮಾತು. ಬರುವ ದಾರಿ ಬಹುಶಃ ಇನ್ನೊಂದು ಕಡೆ! ವರ್ಷಗಟ್ಟಲೆ ಸಮುದ್ರದಲ್ಲಿ ತೇಲಿ, ಬಿಸಿಲು ಉಪ್ಪು ಕುಡಿದ ಮೇಲೆ ಅದಕ್ಕೆ ಪರಿಮಳ ಬರುತ್ತದೆ. ಕರಾವಳಿಯವರಾದ ನಿಮಗೆ ಅದನ್ನು ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಹೊಸದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ದೇಶದಲ್ಲಿ ಅದನ್ನು ಮಾರುವುದಿರಲಿ, ಇಟ್ಟುಕೊಳ್ಳುವುದೂ ಅಪರಾಧ.

ಆದರೆ ನಿಮ್ಮ ಬಾಟಲಿಯಲ್ಲಿ ಅದಿಲ್ಲ ಅಂತ ಧೈರ್ಯವಾಗಿ ಹೇಳಬಲ್ಲೆ. ಅಷ್ಟು ದುಬಾರಿ ಸರಕನ್ನು ಮಾಲ್‌ನಲ್ಲಿ ಸಿಗುವ ಸೆಂಟಿಗೆ ಯಾರೂ ಸುರಿಯುವುದಿಲ್ಲ. ಅದರ ಪರಿಮಳಕ್ಕೆ ಬದಲಾಗಿ ಆಂಬ್ರಾಕ್ಸನ್ ಎಂಬ ವಸ್ತು ದಶಕಗಳಿಂದ ಬಳಕೆಯಲ್ಲಿದೆ. ಅದನ್ನು ಕ್ಲಾರಿ ಸೇಜ್ ಅನ್ನುವ, ನಮ್ಮ ತುಳಸಿಯ ಕುಟುಂಬಕ್ಕೇ ಸೇರಿದ ಗಿಡದಿಂದ ತೆಗೆದ ಸರಕಿನಿಂದ ಮಾಡುತ್ತಾರೆ. ತುಳಸಿಯ ನೆಂಟ ಅಂದರೆ ಅತ್ತೆಯವರ ಮನಸ್ಸು ಸ್ವಲ್ಪ ಕರಗಬಹುದು.

ಇನ್ನು ಜಪಮಾಲೆ, ಲಾಕೆಟ್ಟಿಗೆ ಬಳಸುವ ಹಳದಿ ಅಂಬರ್ ಕಲ್ಲು. ಅದು ಕೋಟ್ಯಂತರ ವರ್ಷ ಹಿಂದಿನ ಮರದ ಅಂಟು ಕಲ್ಲಾದದ್ದು. ಯುರೋಪಿನವರು ಅರಬ್ಬಿಯ ಹೆಸರನ್ನೇ ಇದಕ್ಕೂ ಕೊಟ್ಟುಬಿಟ್ಟರು. ಬೂದು ಅಂಬರ್, ಹಳದಿ ಅಂಬರ್ ಅಂತ ಫ್ರೆಂಚರು ಬಣ್ಣ ಸೇರಿಸಿ ಬೇರೆ ಮಾಡಿದರು. ಕಲ್ಲಿನ ಅಂಬರ್‌ಗೆ ಸುಮ್ನೆ ಮೂಸಿದರೆ ವಾಸನೆಯೇ ಇಲ್ಲ. ಸುಟ್ಟರೆ ಅಂಟಿನ ಹೊಗೆ, ಭಟ್ಟಿ ಇಳಿಸಿದರೆ ಟಾರಿನಂಥ ಎಣ್ಣೆ. ನೀವು ಹೇಳುವ ಬೆಲ್ಲದ ಪಾಕ ಅದರಿಂದ ಬರುವುದಿಲ್ಲ.

ಹಾಗಾದರೆ ಸೆಂಟಿನ ಅಂಬರ್ ಯಾವುದು? ಅದೊಂದು ವಸ್ತುವೇ ಅಲ್ಲ. ಸಾರು ಅನ್ನುವ ಕಾಯಿ ಯಾವ ತೋಟದಲ್ಲಿ ಬೆಳೆಯುತ್ತದೆ ಹೇಳಿ? ಬೇಳೆ, ಹುಣಸೆ, ಮೆಣಸು, ಜೀರಿಗೆ ಸೇರಿ ಕುದಿದಾಗ ಅದಕ್ಕೆ ಸಾರು ಅನ್ನುತ್ತೇವೆ. ಅಂಬರ್ ಕೂಡ ಹಾಗೇ ಒಂದು ಕೂಟ. ಅದರ ಬೇಳೆ, ಹುಣಸೆ, ಮೆಣಸು ಅನ್ನಬಹುದಾದದ್ದು ಮೂರು: ಲ್ಯಾಬ್ಡನಮ್, ಸಾಂಬ್ರಾಣಿ, ವೆನಿಲಾ. ಉಳಿದದ್ದು ಅವರವರ ಕೈಗುಣ.

ಲ್ಯಾಬ್ಡನಮ್ ನಮಗೆ ಪರಿಚಯವಿಲ್ಲದ ಸರಕು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಗುಡ್ಡಗಳಲ್ಲಿ ಸಿಸ್ಟಸ್ ಅನ್ನುವ ಪೊದೆ ಬೆಳೆಯುತ್ತದೆ. ಬೇಸಿಗೆಯಲ್ಲಿ ಅದರ ಎಲೆಯ ಮೇಲೆ ಅಂಟು ಒಸರುತ್ತದೆ. ಹಿಂದೆ ಆ ಗುಡ್ಡದಲ್ಲಿ ಮೇಯ್ದು ಬಂದ ಆಡುಗಳ ಗಡ್ಡಕ್ಕೆ ಮೆತ್ತಿಕೊಂಡ ಅಂಟನ್ನು ಬಾಚಿ ತೆಗೆಯುತ್ತಿದ್ದರು. ಎರಡು ಸಾವಿರದ ನಾನೂರು ವರ್ಷಕ್ಕೂ ಹಿಂದೆ ಗ್ರೀಕರ ಇತಿಹಾಸಕಾರ ಹೆರೊಡೊಟಸ್ ಇದನ್ನು ಬರೆದು, ಇಷ್ಟು ಪರಿಮಳದ ವಸ್ತು ಇಷ್ಟು ನಾತದ ಜಾಗದಲ್ಲಿ ಸಿಗುತ್ತದಲ್ಲ ಅಂತ ಬೆರಗಾಗಿದ್ದಾನೆ. ಈಗ ಸ್ಪೇನ್‌ನಲ್ಲಿ ರೆಂಬೆಗಳನ್ನು ಕುದಿಸಿ ತೆಗೆಯುತ್ತಾರೆ. ಮೊದಲ ಸಲ ಮೂಸಿದಾಗ ನನಗೆ ಚರ್ಮದ ಚಪ್ಪಲಿ ಅಂಗಡಿಯಲ್ಲಿ ಯಾರೋ ಬೆಲ್ಲ ಕಾಯಿಸಿದ ಹಾಗಿತ್ತು. ನಿಮ್ಮ ಗೆಳತಿಗೆ ‘ಗಂಡಸರದ್ದು’ ಅನ್ನಿಸಿದ್ದು ಬಹುಶಃ ಈ ಚರ್ಮದ ಅಂಶವೇ.

ಸಾಂಬ್ರಾಣಿ ನಿಮಗೆ ಗೊತ್ತು. ಲಾವೋಸ್, ಸುಮಾತ್ರಾ ಕಡೆಯ ಸ್ಟೈರಾಕ್ಸ್ ಮರದ ಅಂಟು ಅದು. ಅರಬ್ಬರು ಅದನ್ನು ‘ಲುಬಾನ್ ಜಾವಿ’, ಅಂದರೆ ಜಾವಾದ ಧೂಪ ಅಂತ ಕರೆದರು. ಅದೇ ಯುರೋಪಿಗೆ ಹೋಗಿ ಬೆಂಜಾಯಿನ್ ಆಯಿತು. ನಮ್ಮಲ್ಲಿ ಲೋಬಾನ ಅನ್ನುವುದು ಅದೇ ಮಾತಿನ ಮೊದಲ ಅರ್ಧ. ಚಿಕ್ಕವರಿದ್ದಾಗ ಶೀತಕ್ಕೆ ಡಾಕ್ಟರು ಟಿಂಚರ್ ಬೆಂಜಾಯಿನ್ ಹಾಕಿದ ಬಿಸಿನೀರಿನ ಹಬೆ ತೆಗೆದುಕೊಳ್ಳಿ ಅಂದಿದ್ದು ನೆನಪಿದ್ದರೆ, ಅದೂ ಇದೇ.

ವೆನಿಲಾ ಬಗ್ಗೆ ದಕ್ಷಿಣ ಕನ್ನಡದವರಿಗೆ ನಾನು ಹೇಳಬೇಕಾದ್ದೇನಿದೆ! 2000ದ ದಶಕದ ಶುರುವಿನಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಬಂದು, ಅಡಿಕೆ ತೋಟದಲ್ಲಿ ರಾತ್ರಿ ಕಾವಲು ಕಾದು, ಮತ್ತೆ ಎರಡೇ ವರ್ಷದಲ್ಲಿ ಕೇಳುವವರಿಲ್ಲದ ಹಾಗಾಯಿತಲ್ಲ, ಅದೇ ವೆನಿಲಾ. ಆದರೆ ಹೆಚ್ಚಿನ ಸೆಂಟಿನಲ್ಲಿ ಇರುವುದು ಕೋಡಲ್ಲ, ವೆನಿಲಿನ್. ಅದನ್ನು 1874ರಲ್ಲಿ ಜರ್ಮನಿಯಲ್ಲಿ ಟೀಮನ್ ಮತ್ತು ಹಾರ್ಮನ್ ಎಂಬಿಬ್ಬರು ಪೈನ್ ಮರದ ರಸದಲ್ಲಿ ಸಿಗುವ ವಸ್ತುವಿನಿಂದ ಮೊದಲು ತಯಾರಿಸಿದರು. ಇವತ್ತು ನಮಗೆ ಗೊತ್ತಿರುವ ಸಿಹಿ ಅಂಬರ್ ಹುಟ್ಟಿದ್ದೇ ಆ ಬಿಳಿ ಪುಡಿ ಅಗ್ಗವಾಗಿ ಸಿಗಲು ಶುರುವಾದ ಮೇಲೆ. 1925ರಲ್ಲಿ ಬಂದ ಗೆರ್ಲಾನ್ ಕಂಪನಿಯ ಶಾಲಿಮಾರ್ ಈ ಬಗೆಯ ಸೆಂಟುಗಳ ಅಜ್ಜಿ. ಹೆಸರು ನಮ್ಮ ಮೊಗಲರ ತೋಟದ್ದು, ಒಳಗಿನದ್ದು ವೆನಿಲಾ ಮತ್ತು ಅಂಟು.

ಈಗ ಸ್ವಭಾವಕ್ಕೆ ಬರೋಣ. ನೀವು ‘ಬೆಚ್ಚಗೆ’ ಅನ್ನಿಸುತ್ತದೆ ಅಂತ ಬರೆಯಲಿಲ್ಲ. ಆದರೆ ಬೆಲ್ಲ, ಸಾಂಬ್ರಾಣಿ, ಅಜ್ಜಿಯ ಪೆಟ್ಟಿಗೆ ಅಂದಿರಿ. ಅದೇ ಬೆಚ್ಚಗೆ. ಇಲ್ಲಿ ಒಂದು ತಮಾಷೆ ಇದೆ. ಪುದೀನಾದಲ್ಲಿರುವ ಮೆಂಥಾಲ್ ನಿಜವಾಗಿಯೂ ಚಳಿ ತಿಳಿಯುವ ನರವನ್ನು ಮುಟ್ಟುತ್ತದೆ. ಅದಕ್ಕೇ ತಂಪು ಅನ್ನಿಸುವುದು. ವೆನಿಲಾಗೆ ಅಂಥ ಗುಣ ಇಲ್ಲ. ಸೆಂಟಿನ ಸ್ಪಿರಿಟ್ಟು ಆರುವಾಗ ಚರ್ಮ ತಣ್ಣಗೇ ಆಗುತ್ತದೆ. ಹಾಗಿದ್ದೂ ಬೆಚ್ಚಗೆ ಅನ್ನಿಸುವುದು ನೆನಪಿನಿಂದ. ಎಣ್ಣೆನೀರು ಹಾಕಿದ ಮೇಲೆ ಬಾಣಂತಿಯ ಕೂದಲಿಗೆ, ಮಗುವಿನ ತಲೆಗೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಹೊಗೆ ಹಿಡಿಯುತ್ತಿದ್ದರಲ್ಲ, ಆ ಕೋಣೆಯ ಬಿಸಿ ನಮ್ಮ ಮೂಗಿನಲ್ಲಿ ಈ ಪರಿಮಳದ ಜೊತೆ ಸೇರಿಹೋಗಿದೆ. ಪ್ಯಾರಿಸಿನವನಿಗೆ ಅದೇ ಪರಿಮಳ ದೂರದ ಪೂರ್ವದೇಶದ ಕನಸು. ಇಂಥ ಸೆಂಟುಗಳಿಗೆ ಅವರು ‘ಓರಿಯಂಟಲ್’ ಅಂತಲೇ ಹೆಸರಿಟ್ಟಿದ್ದರು. ಸೆಂಟುಗಳನ್ನು ಬಗೆಬಗೆಯಾಗಿ ವಿಂಗಡಿಸುವ ‘ಪರಿಮಳಗಳ ಚಕ್ರ’ ಮಾಡಿದ ಮೈಕೆಲ್ ಎಡ್ವರ್ಡ್ಸ್ 2021ರಲ್ಲಿ ಆ ಹೆಸರು ತೆಗೆದು ‘ಅಂಬರ್’ ಅಂತ ಹಾಕಿದರು. ಅವರಿಗೆ ಅದು ದೂರದ ಊರು, ನಮಗೆ ಹಿತ್ತಲಿನ ಬಚ್ಚಲುಮನೆ. ನಿಮಗೆ ಸಂಜೆ ಸ್ನಾನದ ನಂತರವೇ ಇದು ಹಿಡಿಸುತ್ತದೆ ಅಂತ ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಇದರ ಇನ್ನೊಂದು ಗುಣ ನಿಧಾನ. ನಿಂಬೆ, ಕಿತ್ತಳೆಯಂಥ ಪರಿಮಳದ ಕಣಗಳು ಹಗುರ. ಬಾಗಿಲು ತೆರೆಯುವ ಮೊದಲೇ ಓಡಿಬಿಡುವ ಮಕ್ಕಳ ಹಾಗೆ ಹತ್ತು ಹದಿನೈದು ನಿಮಿಷದಲ್ಲಿ ಹಾರಿಹೋಗುತ್ತವೆ. ವೆನಿಲಿನ್, ಲ್ಯಾಬ್ಡನಮ್ ಭಾರ. ಎದ್ದು ಹೋಗಲು ಗಂಟೆಗಟ್ಟಲೆ ಬೇಕು. ಹಾಗಾಗಿ ಅಂಬರ್ ಸೆಂಟಿಗೆ ಒಂದೇ ಮುಖ ಇಲ್ಲ. ಹಾಕಿದ ಕೂಡಲೇ ಬರುವುದು ಕಿತ್ತಳೆ, ಏಲಕ್ಕಿ, ಸ್ವಲ್ಪ ಸ್ಪಿರಿಟ್ಟಿನ ಚುರುಕು. ಅರ್ಧ ಗಂಟೆಗೆ ಚಕ್ಕೆ, ಲವಂಗ, ಕೆಲವದರಲ್ಲಿ ಗುಲಾಬಿ. ಈ ಹೊತ್ತಿನಲ್ಲಿ ಅದು ಜಂಬದ್ದು, ಮದುವೆ ಮನೆಯಲ್ಲಿ ಎಲ್ಲರಿಗೂ ಕಾಣಬೇಕು ಅಂತ ನಿಂತವರ ಹಾಗೆ. ಎರಡು ಮೂರು ಗಂಟೆ ಕಳೆದ ಮೇಲೆ ಮಾತು ತಗ್ಗುತ್ತದೆ. ಹೊಗೆ ಆರಿದ ಮೇಲೆ ಕೋಣೆಯಲ್ಲಿ ಉಳಿಯುವ ಸಾಂಬ್ರಾಣಿ, ಮಡಚಿಟ್ಟ ರೇಷ್ಮೆ ಸೀರೆ, ಬಿಸಿಲಿಗಿಟ್ಟ ಮರದ ಹಲಗೆ. ನನಗೆ ನಿಜವಾದ ಅಂಬರ್ ಅಂದರೆ ಈ ಕೊನೆಯ ಮುಖ. ಕೆಲಸ ಕಲಿಯುವಾಗ ನಮ್ಮ ಹಿರಿಯರು ಮೂಸುವ ಕಾಗದದ ಪಟ್ಟಿಗೆ ಕಾಂಪೌಂಡ್ ಅದ್ದಿ, ತಾರೀಕು ಬರೆಸಿ, ಗೋಡೆಗೆ ಸಿಕ್ಕಿಸಿ ಮನೆಗೆ ಕಳಿಸುತ್ತಿದ್ದರು. ‘ಅಂಬರ್‌ನ ಮಾತು ನಾಳೆ ಕೇಳು’ ಅನ್ನುತ್ತಿದ್ದರು. ಇವತ್ತಿಗೂ ನಾನು ಯಾವ ಅಂಬರ್ ಸೆಂಟನ್ನೂ ಅದೇ ದಿನ ಒಳ್ಳೆಯದು ಕೆಟ್ಟದ್ದು ಅನ್ನುವುದಿಲ್ಲ.

ನಿಮ್ಮ ಬಸ್ಸಿನ ಪ್ರಸಂಗಕ್ಕೆ ಕಾರಣ ಇಲ್ಲೇ ಇದೆ. ಮನೆಯಿಂದ ಹೊರಡುವಾಗ ಹಾಕಿಕೊಂಡಿರಿ, ಅಂದರೆ ಅದು ಜಂಬದ ಹೊತ್ತಿನಲ್ಲಿದ್ದಾಗ ಬಸ್ಸು ಹತ್ತಿದಿರಿ. ಜೊತೆಗೆ ಏಪ್ರಿಲ್, ಮಂಗಳೂರು, ಜನ ತುಂಬಿದ ಬಸ್ಸು. ಶಾಖ ಹೆಚ್ಚಾದಷ್ಟೂ ಪರಿಮಳ ಬೇಗ ಏಳುತ್ತದೆ. ಚಳಿ ದೇಶದಲ್ಲಿ ಕೋಟಿನೊಳಗೆ ಮೆಲ್ಲಗೆ ಇರಬೇಕಾದ ಭಾರದ ಕಣಗಳು ನಮ್ಮ ಸೆಕೆಗೆ ಒಟ್ಟಿಗೇ ಎದ್ದು ನಿಲ್ಲುತ್ತವೆ. ಬೆವರಿನ ಜೊತೆ ಸಿಹಿ ಸೇರಿದರೆ ಬರುವುದು ಘಮ ಅಲ್ಲ, ಕಮಟು. ಇದು ನನಗೂ ಕಲಿಸಿದ ಪಾಠವೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಜನವರಿಯಲ್ಲಿ ಒಂದು ಅಂಬರ್ ಕಾಂಪೌಂಡ್ ಮಾಡಿ ಭೇಷ್ ಅನ್ನಿಸಿಕೊಂಡಿದ್ದೆ. ಏಪ್ರಿಲ್ ಬರುವ ಹೊತ್ತಿಗೆ ಗಿರಾಕಿ ಡಬ್ಬ ವಾಪಸ್ಸು ಕಳಿಸಿದ. ‘ಇದು ಉಸಿರು ಕಟ್ಟಿಸ್ತದೆ’ ಅನ್ನುವ ಚೀಟಿಯೂ ಜೊತೆಗಿತ್ತು. ಕಾಂಪೌಂಡ್ ಬದಲಾಗಿರಲಿಲ್ಲ, ತಿಂಗಳು ಬದಲಾಗಿತ್ತು.

ಇನ್ನು ‘ಗಂಡಸರದ್ದು’ ಅನ್ನುವ ಮಾತು. ಪರಿಮಳಕ್ಕೆ ಗಂಡು ಹೆಣ್ಣು ಅನ್ನುವುದು ಅಂಗಡಿಯ ಕಪಾಟಿಗೆ ಬೇಕಾದ ಲೆಕ್ಕ. ಉತ್ತರ ಪ್ರದೇಶದ ಕನೌಜಿನಲ್ಲಿ ಇವತ್ತಿಗೂ ತಾಮ್ರದ ಹಂಡೆಯಲ್ಲಿ ಅತ್ತರು ಇಳಿಸುವವರ ಹತ್ತಿರ ಹೋಗಿ ‘ಲೇಡೀಸ್ ಯಾವುದು’ ಅಂತ ಕೇಳಿ ನೋಡಿ, ನಗುತ್ತಾರೆ. ಅವರ ಶಮಾಮಾ ಅನ್ನುವ ಅತ್ತರು ಹತ್ತಾರು ಬೇರು, ತೊಗಟೆ, ಮಸಾಲೆ ಸೇರಿದ ಬೆಚ್ಚಗಿನ ಪರಿಮಳ. ಅಂಬರ್‌ಗೆ ನಮ್ಮ ದೇಶದ ದಾಯಾದಿ ಅನ್ನಬಹುದು. ಅದನ್ನು ಯಾರು ಬೇಕಾದರೂ ಹಚ್ಚಿಕೊಳ್ಳುತ್ತಾರೆ. ಗಂಧ ತೇಯ್ದು ಹಣೆಗಿಡುವಾಗ ನಾವು ಗಂಡಸರ ಗಂಧ ಬೇರೆ ಅಂತ ತೇಯುತ್ತೇವಾ? ‘ಯುನಿಸೆಕ್ಸ್’ ಅನ್ನುವ ಹಣೆಪಟ್ಟಿ ದೊಡ್ಡದಾಗಿ ಓಡಿದ್ದು 1994ರಲ್ಲಿ ಸಿಕೆ ಒನ್ ಬಂದ ಮೇಲೆ. ಅದು ನಿಂಬೆ ಜಾತಿಯ ಹಗುರ ಸೆಂಟು. ಅಂಬರ್‌ನಲ್ಲಿ ವೆನಿಲಾ ಒಂದು ಚಿಟಿಕೆ ಜಾಸ್ತಿ ಮಾಡಿದರೆ ಜನ ‘ಹೆಂಗಸರದ್ದು’ ಅನ್ನುತ್ತಾರೆ, ಲ್ಯಾಬ್ಡನಮ್ಮೋ ಒಣ ಮರದ ಅಂಶವೋ ಜಾಸ್ತಿ ಮಾಡಿದರೆ ‘ಗಂಡಸರದ್ದು’ ಅನ್ನುತ್ತಾರೆ. ನಡುವೆ ನಿಲ್ಲಿಸಿದ್ದಕ್ಕೆ ಯುನಿಸೆಕ್ಸ್ ಅಂತ ಹೆಸರು. ನಿಮ್ಮ ಗೆಳತಿ ಮೂಸಿದ್ದು ಅದರ ಒಂದು ಹೊತ್ತಿನ ಮುಖ, ಅಷ್ಟೇ.

ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಯಜಮಾನರಿಗೆ ಪರಿಮಳ ಗೊತ್ತಾಗದಿರುವುದು ಮತ್ತು ಅದೇ ಹೊತ್ತಿಗೆ ನಿಮಗೆ ತಲೆನೋವು ಬರುವುದು. ಇದನ್ನು ಎಲ್ಲರೂ ‘ಚರ್ಮದ ಗುಣ’ ಅನ್ನುತ್ತಾರೆ. ಒಬ್ಬರ ಮೈಗೆ ಒಗ್ಗುತ್ತೆ, ಇನ್ನೊಬ್ಬರಿಗೆ ಒಗ್ಗಲ್ಲ ಅಂತ. ಚರ್ಮದಿಂದ ವ್ಯತ್ಯಾಸ ಆಗುವುದು ನಿಜ. ಒಣ ಚರ್ಮದ ಮೇಲೆ ಸೆಂಟು ಬೇಗ ಹೋಗುತ್ತದೆ, ಎಣ್ಣೆ ಚರ್ಮದ ಮೇಲೆ ನಿಲ್ಲುತ್ತದೆ. ಆದರೆ ಒಬ್ಬರಿಗೆ ಇಲ್ಲವೇ ಇಲ್ಲ, ಇನ್ನೊಬ್ಬರಿಗೆ ತಲೆ ಒಡೆಯುವಷ್ಟು ಅನ್ನುವ ಅಂತರ ಚರ್ಮದಿಂದ ಬರುವುದು ಕಡಿಮೆ. ಅದು ಮೂಗಿನದ್ದು.

ಮೂಗಿನಲ್ಲೂ ಎರಡು ಸಂಗತಿ. ಒಂದೇ ವಾಸನೆ ಎದುರಿಗೆ ನಿಂತೇ ಇದ್ದರೆ ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೀನು ಮಾರ್ಕೆಟ್ಟಿನಲ್ಲಿ ಹತ್ತು ನಿಮಿಷ ನಿಂತರೆ ನಿಮಗೇ ಗೊತ್ತಾಗುತ್ತದೆ. ಅಂಬರ್ ಇಡೀ ದಿನ ನಿಲ್ಲುವ ಪರಿಮಳ, ಹಾಗಾಗಿ ಹಾಕಿಕೊಂಡವರ ಮೂಗೇ ಮೊದಲು ಸೋಲುತ್ತದೆ. ಎರಡನೆಯದು, ಕೆಲವು ಭಾರದ ಕಣಗಳನ್ನು ಹಿಡಿಯುವ ಶಕ್ತಿ ಕೆಲವರ ಮೂಗಿಗೆ ಹುಟ್ಟಿನಿಂದಲೇ ಕಡಿಮೆ. ಕಸ್ತೂರಿ ಜಾತಿಯವು, ಆಂಬ್ರಾಕ್ಸನ್ ಜಾತಿಯವು ಇದಕ್ಕೆ ಹೆಸರಾದವು. ಬೇರೆ ಎಲ್ಲ ವಾಸನೆ ಚೆನ್ನಾಗಿಯೇ ಗೊತ್ತಾಗುತ್ತದೆ, ಇದೊಂದು ಗೊತ್ತಾಗುವುದಿಲ್ಲ. ಇದು ಕಾಯಿಲೆ ಅಲ್ಲ.

ಈಚಿನ ಅಂಬರ್ ಸೆಂಟುಗಳಲ್ಲಿ, ಅದರಲ್ಲೂ ಗಲ್ಫ್ ಮಾರ್ಕೆಟ್ಟಿಗೆ ಮಾಡಿದವುಗಳಲ್ಲಿ, ಸಿಹಿ ಅಂಟಿನ ಜೊತೆ ‘ಅಂಬರ್ ವುಡ್’ ಅನ್ನುವ ಒಣ, ಚುಚ್ಚುವ ಜಾತಿಯ ಕೃತಕ ವಸ್ತುಗಳನ್ನು ಧಾರಾಳವಾಗಿ ಹಾಕುತ್ತಾರೆ. ದೂರಕ್ಕೆ ಬೀರಲಿ, ಬಟ್ಟೆ ಒಗೆದರೂ ಹೋಗದಿರಲಿ ಅಂತ. ಗೊತ್ತಾಗದವರಿಗೆ ಅದು ಗಾಳಿ. ಗೊತ್ತಾಗುವವರಿಗೆ ಮೂಗಿನ ಮೇಲೆ ಉಪ್ಪುಕಾಗದ ಉಜ್ಜಿದ ಹಾಗೆ. ನಿಮ್ಮ ಮನೆಯಲ್ಲಿ ಎರಡೂ ಜಾತಿಯ ಮೂಗು ಇರಬಹುದು ಅಂತ ನನ್ನ ಅನುಮಾನ. ಪರೀಕ್ಷೆ ಸುಲಭ. ಇಬ್ಬರೂ ಮೈಮೇಲೆ ಏನೂ ಹಾಕಿಕೊಳ್ಳದ ದಿನ ಒಂದು ದಪ್ಪ ಬಿಳಿ ಕಾಗದದ ಪಟ್ಟಿಗೆ ಒಂದೇ ಸಲ ಸ್ಪ್ರೇ ಮಾಡಿ. ಎರಡು ಗಂಟೆ ಬಿಟ್ಟು ಒಬ್ಬೊಬ್ಬರಾಗಿ ಮೂಸಿ, ಏನು ಅನ್ನಿಸಿತು ಅಂತ ಬರೆದಿಡಿ. ಮರುದಿನ ಬೆಳಿಗ್ಗೆ ಮತ್ತೆ ಮೂಸಿ. ಕಾಗದಕ್ಕೆ ಚರ್ಮ ಇಲ್ಲವಲ್ಲ. ಆಗಲೂ ಅವರಿಗೆ ಏನೂ ಇಲ್ಲ, ನಿಮಗೆ ಚುಚ್ಚುತ್ತದೆ ಅಂದರೆ ಅದು ಮೂಗಿನದ್ದೇ. ಕಾಗದದ ಮೇಲೆ ಇಬ್ಬರಿಗೂ ಹಿತವಾಗಿದ್ದರೆ ಕಾರಿನ ತಲೆನೋವಿಗೆ ಕಾರಣ ಬರೀ ಪ್ರಮಾಣ.

ಪ್ರಮಾಣದ ಲೆಕ್ಕವೂ ಕೇಳಿ. ಒಂದು ಸಲ ಒತ್ತಿದರೆ ಸುಮಾರು 0.1 ಮಿ.ಲೀ. ಬರುತ್ತದೆ. ಬಾಟಲಿಯ ಮೇಲೆ ‘ಓ ದ ಪರ್ಫ್ಯೂಮ್’ ಅಂತಿದ್ದರೆ ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ 15ರಿಂದ 20 ಭಾಗ ಪರಿಮಳದ ಎಣ್ಣೆ. ಕಿಟಕಿ ಮುಚ್ಚಿ ಏಸಿ ಹಾಕಿದ ಕಾರಿನಲ್ಲಿ ಆರು ಸಲ ಅಂದರೆ ಊದುಬತ್ತಿ ಕಟ್ಟನ್ನೇ ಒಟ್ಟಿಗೆ ಹಚ್ಚಿದ ಹಾಗೆ. ಯಜಮಾನರಿಗೆ ಹೇಳಿ, ಅಳತೆಗೋಲು ಅವರ ಮೂಗಲ್ಲ, ನಿಮ್ಮದು. ಒಂದು, ಹೆಚ್ಚೆಂದರೆ ಎರಡು. ಅದೂ ಕಾರು ಹತ್ತುವ ಒಂದು ಗಂಟೆ ಮೊದಲು. ಇಷ್ಟು ಇಳಿಸಿದ ಮೇಲೂ ನಿಮಗೆ ತಲೆನೋವು ಬಂದರೆ, ಅಥವಾ ನಿಮಗೆ ಮೊದಲಿನಿಂದ ಅರೆತಲೆನೋವು ಇದ್ದರೆ, ಈ ಸೆಂಟು ಅವರೂ ಹಾಕುವುದು ಬೇಡ. ಘಾಟು ವಾಸನೆ ಅರೆತಲೆನೋವನ್ನು ಎಬ್ಬಿಸುವುದು ಎಲ್ಲರಿಗೂ ಗೊತ್ತಿರುವ ವಿಷಯ. ಸಹಿಸಿಕೊಂಡು ಅಭ್ಯಾಸ ಮಾಡಿಕೊಳ್ಳುವಂಥದ್ದಲ್ಲ.

ಬಣ್ಣ ತಿರುಗಿದ್ದರ ಬಗ್ಗೆ ಹೆದರಬೇಡಿ. ವೆನಿಲಿನ್ ಇರುವ ಸೆಂಟು ಗಾಳಿ ಬೆಳಕಿಗೆ ಕಪ್ಪಾಗುವುದು ಅದರ ಹುಟ್ಟುಗುಣ. ನಮ್ಮ ಅಂಗಡಿಯ ಅಂಬರ್ ಡಬ್ಬಗಳೆಲ್ಲ ವರ್ಷದೊಳಗೆ ಡಿಕಾಕ್ಷನ್ನೇ. ಕೆಟ್ಟಿದೆಯಾ ಅಂತ ಹೇಳಬೇಕಾದ್ದು ಕಣ್ಣಲ್ಲ, ಮೂಗು. ಹಾಕಿದ ಕೂಡಲೇ ಹಳೇ ಎಣ್ಣೆಯ ಜಿಡ್ಡು ವಾಸನೆಯೋ ಹುಳಿ ವಾಸನೆಯೋ ಬಂದು, ಅದು ಅರ್ಧ ಗಂಟೆಯಾದರೂ ಹೋಗದಿದ್ದರೆ ಕೆಟ್ಟಿದೆ. ಮೊದಲ ಐದು ನಿಮಿಷದ ಕಿತ್ತಳೆ ಪರಿಮಳ ಸ್ವಲ್ಪ ಸಪ್ಪೆಯಾಗಿದೆ, ಆಮೇಲೆ ಎಲ್ಲ ಸರಿ ಅಂದರೆ ಏನೂ ಆಗಿಲ್ಲ. ಬಾಟಲಿಯನ್ನು ಬಚ್ಚಲಿನ ಕಪಾಟಿನಿಂದ, ಕಿಟಕಿ ಪಕ್ಕದಿಂದ ತೆಗೆದು ಬೀರುವಿನಲ್ಲಿಡಿ. ಕಾರಿನಲ್ಲಂತೂ ಬಿಡಬೇಡಿ. ಬಿಸಿಲಿಗೆ ನಿಂತ ಕಾರು ಸೆಂಟಿಗೆ ಒಲೆ ಇದ್ದ ಹಾಗೆ.

ಕುರ್ತಾದ ಕಲೆಯೂ ಅದೇ ವೆನಿಲಿನ್ ಮತ್ತು ಅಂಟಿನ ಕೆಲಸ. ಹೊಸ ಕಲೆಯಾಗಿದ್ದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒತ್ತಿ ತೆಗೆದು ಸೋಪು ಹಾಕಿ ಒಗೆದರೆ ಹೋಗಬಹುದು. ಇಸ್ತ್ರಿ ಬಿದ್ದ ಹಳೇ ಕಲೆ ಪೂರ್ತಿ ಹೋಗುವ ಭರವಸೆ ಕೊಡಲಾರೆ. ರೇಷ್ಮೆ ಸೀರೆಗೆ, ಯಜಮಾನರ ಬಿಳಿ ಪಂಚೆಗೆ ಈ ಸೆಂಟು ನೇರವಾಗಿ ಬೀಳಲೇಬಾರದು.

ನಕಲಿಯಾ ಅನ್ನುವುದಕ್ಕೆ ಬಣ್ಣ, ಕಲೆ ಎರಡೂ ಸಾಕ್ಷಿ ಅಲ್ಲ. ನೀರಿಗೆ ಹಾಕಿ ನೋಡಿ, ಬೆಂಕಿ ಹಚ್ಚಿ ನೋಡಿ ಅನ್ನುವ ವಿಡಿಯೊಗಳು ಓಡಾಡುತ್ತವೆ. ಅಸಲಿ ಸೆಂಟಿನಲ್ಲೂ ಸ್ಪಿರಿಟ್ಟೇ ಜಾಸ್ತಿ, ನಕಲಿಯಲ್ಲೂ ಅದೇ. ಎರಡೂ ಚೆನ್ನಾಗಿ ಉರಿಯುತ್ತವೆ, ಕೈಯೂ ಉರಿಯುತ್ತದೆ. ಪೆಟ್ಟಿಗೆಯ ತಳದ ಬ್ಯಾಚ್ ನಂಬರು, ಬಾಟಲಿಯ ತಳದ ನಂಬರು ಒಂದೇ ಇದೆಯಾ ನೋಡಿ. ಮರುದಿನವೂ ಪರಿಮಳ ನಿಲ್ಲುತ್ತದೆ, ಹೊತ್ತಿಗೆ ಹೊತ್ತಿಗೆ ಮುಖ ಬದಲಿಸುತ್ತದೆ ಅಂದರೆ ಯಾರೋ ಬೇಕಾಬಿಟ್ಟಿ ಬೆರೆಸಿದ ಮಾಲು ಅದಲ್ಲ. ನೀವು ಬರೆದಿರುವ ಬೆಲ್ಲ, ಸಾಂಬ್ರಾಣಿ, ಮರದ ಪೆಟ್ಟಿಗೆ ಓದಿದರೆ ಒಳ್ಳೆಯ ಕೈಯದ್ದೇ ಅನ್ನಿಸುತ್ತದೆ.

ಹಾಗಾದರೆ ಏನು ಮಾಡಬಹುದು? ನನಗೆ ಕೇಳಿದರೆ ಕೊಟ್ಟುಬಿಡಬೇಡಿ, ಕಾಲ ಬದಲಿಸಿ. ಏಪ್ರಿಲ್, ಮೇ ಎರಡು ತಿಂಗಳು ಅದು ಬೀರುವಿನಲ್ಲಿ ಮಲಗಿರಲಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ, ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ಹಿಡಿದ ಆ ದಿನಗಳಲ್ಲಿ, ಸಂಜೆ ಒಂದೇ ಒಂದು ಸಲ ಹಾಕಿಕೊಳ್ಳಿ. ಆಗ ಇದರ ಸ್ವಭಾವ ಪೂರ್ತಿ ಗೊತ್ತಾಗುತ್ತದೆ. ಹಗಲು ಆಫೀಸಿಗೂ ಬೇಕು ಅನ್ನಿಸಿದರೆ ಕತ್ತಿಗೆ ಬೇಡ, ಮೊಣಕಾಲ ಹಿಂದೆ ಅಥವಾ ಹೊಟ್ಟೆಯ ಹತ್ತಿರ ಹಾಕಿ. ಮೂಗಿನಿಂದ ದೂರ ಇದ್ದಷ್ಟೂ ಅಂಬರ್ ಸೌಮ್ಯ. ಬಟ್ಟೆಯ ಒಳಮಡಿಕೆಗೆ ಹಾಕಿದರೆ ಇನ್ನೂ ಮೆಲ್ಲಗೆ, ಇನ್ನೂ ಹೆಚ್ಚು ದಿನ ಬರುತ್ತದೆ. ಆದರೆ ಕಲೆಯ ಅಪಾಯ ಹೇಳಿದ್ದೇನೆ, ಗಾಢ ಬಣ್ಣದ ಹತ್ತಿ ಬಟ್ಟೆಗೆ ಮಾತ್ರ. ಮಣಿಕಟ್ಟು ಉಜ್ಜಿದರೆ ಕಣಗಳು ಒಡೆಯುತ್ತವೆ ಅನ್ನುವುದು ಕಟ್ಟುಕತೆ. ಕಣ ಒಡೆಯಲು ನಿಮ್ಮ ಕೈ ಸಾಲದು. ಉಜ್ಜಿದ ಬಿಸಿಗೆ ಮೊದಲ ಪರಿಮಳ ಬೇಗ ಹೋಗುತ್ತದೆ, ಅಷ್ಟೇ. ನಿಮ್ಮ ವಿಷಯದಲ್ಲಿ ಅದೇನು ನಷ್ಟವಲ್ಲ!

ಚರ್ಮದ ಬಗ್ಗೆ ಒಂದು ಎಚ್ಚರ. ಸಾಂಬ್ರಾಣಿ ಗಿಡಮೂಲದ್ದು, ಹಾಗಾಗಿ ಏನೂ ಆಗಲ್ಲ ಅನ್ನುವುದು ತಪ್ಪು. ಇಂಥ ಮರದ ಅಂಟುಗಳು ಕೆಲವರಿಗೆ ಅಲರ್ಜಿ ತರುತ್ತವೆ. ಹಚ್ಚಿದ ಜಾಗ ಕೆಂಪಾಗಿ ತುರಿಸಿದರೆ ಅಲ್ಲಿಗೇ ನಿಲ್ಲಿಸಿ. ಚರ್ಮದ ಡಾಕ್ಟರಿಗೆ ಬಾಟಲಿಯನ್ನೇ ತೋರಿಸಿ, ಬರೀ ಹೆಸರು ಹೇಳಿದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಹಸುಗೂಸು ಇದ್ದರೆ ಎತ್ತಿಕೊಳ್ಳುವ ದಿನ ಬೇಡ.

ಯಜಮಾನರಿಗೆ ಕಾಗದದ ಪರೀಕ್ಷೆಯಲ್ಲೂ ಏನೂ ಗೊತ್ತಾಗದಿದ್ದರೆ ಅವರಿಗೆ ಬೇರೆ ಸೆಂಟು ಕೊಡಿಸುವುದೇ ಸರಿ. ತನಗೇ ತಿಳಿಯದ ಪರಿಮಳ ಹಾಕಿಕೊಳ್ಳುವುದು ಕಣ್ಣು ಕಟ್ಟಿಕೊಂಡು ಉಪ್ಪು ಹಾಕಿದ ಹಾಗೆ. ಆಗ ಬಾಟಲಿ ನಿಮಗೊಬ್ಬರಿಗೇ. ದಿನಕ್ಕೊಂದು ಸಲದಂತೆ ಎರಡು ವರ್ಷಕ್ಕೆ ಬಂತು. ಅಣ್ಣನಿಗೂ ಬೇಜಾರಿಲ್ಲ.

ದೇವರ ಕೋಣೆಯ ಮಾತು ಉಳಿಯಿತು. ತಿಮಿಂಗಿಲ ಇಲ್ಲ, ಸಾಂಬ್ರಾಣಿ ಇದೆ ಅಂತ ಅತ್ತೆಯವರಿಗೆ ಹೇಳಿ. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಆದರೆ ಅವರು ಹಾಕಿದ ತಡೆಯನ್ನು ನಾನು ಬೇರೆ ಕಾರಣಕ್ಕೆ ಒಪ್ಪುತ್ತೇನೆ. ಸೆಂಟು ಅಂದರೆ ಮುಕ್ಕಾಲು ಪಾಲು ಸ್ಪಿರಿಟ್ಟು. ಹಸಿ ಆರುವ ಮೊದಲು ದೀಪದ ಹತ್ತಿರ ಸೆರಗು ಹೋಗಬಾರದು. ದೀಪ ಹಚ್ಚಿ, ಕೈಮುಗಿದು ಬಂದ ಮೇಲೆ ಹಾಕಿಕೊಳ್ಳಿ. ಮತ್ತೆ, ಶಂಕರಪುರ ಮಲ್ಲಿಗೆ ಮುಡಿದ ದಿನ ಅಂಬರ್ ಬೇಡ. ಎರಡೂ ಭಾರ, ಎರಡೂ ಜಂಬದವು. ಸೆಕೆಯಲ್ಲಿ ಅವೆರಡು ಜಗಳಕ್ಕೆ ನಿಂತರೆ ಪಕ್ಕದಲ್ಲಿ ಕೂತವರು ಮತ್ತೆ ಕಿಟಕಿ ಕಡೆಗೇ ತಿರುಗುತ್ತಾರೆ.